ಕುಸುಮೊತೊನ ಎಡ ಮೊಣಕಾಲು

ಮನುಷ್ಯನ ಮಾನ ಯಾವ ದಾರಿಯಲ್ಲಿ ಹೊರಟುಹೋಗುತ್ತದೆಂದು ಮುಂದಾಗಿ ಹೇಳುವುದು ಕಷ್ಟ. ಕೆಲವರದು ಜೂಜಿನಲ್ಲಿ ಹೋಗುತ್ತದೆ, ಕೆಲವರದು ಕುಡಿತದಲ್ಲಿ. ಕುಸುಮೊತೊ ಹಿದೆಜಿಯ ಮಾನ ಹೊರಟದ್ದು ನಿದ್ದೆಯಲ್ಲಿ. ಅದೂ ಹಾಡುಹಗಲು, ಕಂಪನಿಯ ಸಭೆಯಲ್ಲಿ, ಎಲ್ಲರ ಎದುರು ನೆಟ್ಟಗೆ ಕುಳಿತುಕೊಂಡೇ.

ಜಪಾನಿನ ಗುನ್ಮಾ ಸೀಮೆಯ ಬಯಲಿನಲ್ಲಿ ಕಾರು ತಯಾರಿಸುವ ಕಂಪನಿಯೊಂದರ ಖರ್ಚು ಕಡಿತದ ವಿಭಾಗದಲ್ಲಿ ಅವನು ನೌಕರ. ಮಿಕ್ಕವರು ಕಾರಿಗೆ ಏನನ್ನು ಸೇರಿಸಲಿ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದರೆ, ಏನನ್ನು ಕಿತ್ತರೂ ಕಾರು ಕಾರಾಗಿಯೇ ಉಳಿದೀತು ಎಂದು ಹುಡುಕುವುದು ಅವನ ಕಸುಬು. ಸಿಗರೇಟಿನ ಬೂದಿಯ ತಟ್ಟೆಯನ್ನು ಕಿತ್ತವನು ಅವನೇ. ಹಿಂದಿನ ಸೀಟಿನವರ ಕೈಹಿಡಿಯನ್ನು ಕಿತ್ತವನೂ ಅವನೇ.

ಆ ಕಾಲಕ್ಕೆ ಕಂಪನಿಯಲ್ಲಿ ‘ತ್ಸುಬಾಮೆ’ ಎಂಬ ಕಾರು ರೂಪುಗೊಳ್ಳುತ್ತಿತ್ತು. ಎರಡೇ ಬಾಗಿಲು, ತಗ್ಗಿದ ಚಾವಣಿ, ಉದ್ದನೆಯ ಮೂತಿ, ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಕ್ಕೆ. ಇಂಥ ಕಾರುಗಳು ಸಿರಿವಂತರ ಮನೆಯ ಸೊತ್ತಾಗಿದ್ದ ದಿನಗಳಲ್ಲಿ, ಅಂಗಡಿಯ ಗುಮಾಸ್ತನೂ ಕೊಳ್ಳುವಂಥದೊಂದನ್ನು ಮಾಡಿಯೇ ಸಾಯುತ್ತೇನೆ ಎಂದು ಹಟ ತೊಟ್ಟವರು ಮುಖ್ಯ ಎಂಜಿನಿಯರ್ ಮುನೆತಾ. “ಮುಂದಿನ ಚಕ್ರ ಎಳೆದರೆ ಅದು ಪ್ರಯಾಣ, ಹಿಂದಿನ ಚಕ್ರ ದೂಡಿದರೆ ಅದು ಸವಾರಿ” ಎಂಬುದು ಅವರ ಮಂತ್ರ. ಪರೀಕ್ಷೆಯ ಕಾರುಗಳ ತಗ್ಗು ಸೀಟಿನಲ್ಲಿ ಕುಳಿತು ಕುಳಿತು ಅವರ ಸೊಂಟ ಹಾಳಾಗಿತ್ತೇ ಹೊರತು ಮಂತ್ರ ಹಾಳಾಗಿರಲಿಲ್ಲ.

ಆ ದಿನದ ಪ್ರಶ್ನೆ ಒಂದೇ. ಕ್ಲಚ್ ಒತ್ತಿ ಕೈಯಿಂದ ಗೇರ್ ಹಾಕುವ ಮಾದರಿಯ ಜೊತೆಗೆ ಆಟೊಮ್ಯಾಟಿಕ್ ಮಾದರಿಯನ್ನೂ ಮಾಡಬೇಕೋ ಬೇಡವೋ? ಸಭೆ ಎರಡು ಹೋಳಾಗಿತ್ತು. ಮಾರಾಟದವರು ಬೇಕೇ ಬೇಕೆಂದರು. ಎಂಜಿನಿಯರುಗಳು ಬೇಡವೇ ಬೇಡವೆಂದರು. ಕೊನೆಗೆ ಮುನೆತಾ ಮೂಲೆಯತ್ತ ತಿರುಗಿದರು.

“ಖರ್ಚಿನ ವಿಭಾಗ ಏನಂತೀರಿ?”

ಖರ್ಚಿನ ವಿಭಾಗವು ಹೊಟ್ಟೆ ತುಂಬ ಸೋಬಾ ಶಾವಿಗೆ ತಿಂದು ಕಣ್ಣು ಮುಚ್ಚಿತ್ತು. ಪಕ್ಕದವನು ಮೊಣಕೈಯಿಂದ ತಿವಿದ. ಎಚ್ಚೆತ್ತ ಕುಸುಮೊತೊಗೆ ತಿಳಿದದ್ದು ಇಷ್ಟೇ: ಯಾವುದನ್ನೋ ಇಡಬೇಕೋ ಕೀಳಬೇಕೋ ಎಂದು ತನ್ನನ್ನು ಕೇಳುತ್ತಿದ್ದಾರೆ. ಅವನ ವಿಭಾಗದಲ್ಲಿ ಅದಕ್ಕೆ ಇದ್ದದ್ದು ಒಂದೇ ಉತ್ತರ.

“ಕಿತ್ತುಬಿಡಿ” ಎಂದ.

ಎಲ್ಲರೂ ಕಾರಣಕ್ಕಾಗಿ ಕಾದರು. ಎದುರಿನ ಹಲಗೆಯ ಮೇಲೆ ಕಂಡ ಅಕ್ಷರಗಳನ್ನು ತರಾತುರಿಯಲ್ಲಿ ಓದಿಕೊಂಡು, ಬಾಯಿಗೆ ಬಂದದ್ದನ್ನು ಅವನು ಹೇಳಿದ:

“ಗೇರ್ ಹಾಕದೆ ಓಡುವ ಗಾಡಿ ಗಾಡಿಯೇ ಅಲ್ಲ.”

ಮುನೆತಾ ಸೊಂಟ ಹಿಡಿದುಕೊಂಡು ಎದ್ದು ನಿಂತರು. ಅವರ ಕಣ್ಣು ತೇವವಾಗಿತ್ತು. “ಖರ್ಚಿನ ವಿಭಾಗದಲ್ಲಿ ಇಂಥ ಮನುಷ್ಯ ಇದ್ದಾನೆ ಅಂತ ನನಗೆ ಗೊತ್ತೇ ಇರಲಿಲ್ಲ! ಯಾವ ಘಟ್ಟದಲ್ಲಿ ಓಡಿಸ್ತೀರಿ ಕುಸುಮೊತೊ? ಅಕಾಗಿನಾ? ಹರುನಾನಾ?”

“ಅದು... ಹೇಳಿಕೊಳ್ಳೋ ಅಂಥದ್ದೇನಲ್ಲ” ಎಂದ ಕುಸುಮೊತೊ.

ಅವನ ಬದುಕಿನಲ್ಲಿ ಅಷ್ಟು ಅಪ್ಪಟ ಸತ್ಯ ಮತ್ತೊಂದಿರಲಿಲ್ಲ. ಏಕೆಂದರೆ ಕುಸುಮೊತೊನ ಲೈಸೆನ್ಸು ಆಟೊಮ್ಯಾಟಿಕ್ ಗಾಡಿಗೆ ಮಾತ್ರ ಸಲ್ಲುವಂಥದು. ಕ್ಲಚ್ಚಿನ ಗಾಡಿಯನ್ನು ಅವನು ಒಮ್ಮೆ ಮಾತ್ರ, ತರಬೇತಿ ಶಾಲೆಯಲ್ಲಿ, ಮುಟ್ಟಿದ್ದ. ಅದು ಹಿಂದಕ್ಕೆ ಹಾರಿ ಶಾಲೆಯ ಹೂಬೇಲಿಯನ್ನೂ ಗುರುಗಳ ಊಟದ ಡಬ್ಬಿಯನ್ನೂ ಒಟ್ಟಿಗೆ ಆಹುತಿ ತೆಗೆದುಕೊಂಡಿತ್ತು.

ಆದರೆ ಮುನೆತಾ ಅದನ್ನು ವಿನಯವೆಂದು ತಿಳಿದರು. ಆಟೊಮ್ಯಾಟಿಕ್ ಸತ್ತಿತು. ಕಾರು ಅಗ್ಗವಾಯಿತು. ಮಾತು ಮಾತ್ರ ಬದುಕಿಕೊಂಡಿತು.

ಹೇಗೆ ಬದುಕಿಕೊಂಡಿತೆಂದರೆ, ಜಾಹೀರಾತಿನವರು ಅದನ್ನೇ ಎತ್ತಿಕೊಂಡರು. ತ್ಸುಬಾಮೆ ಮಾರುಕಟ್ಟೆಗೆ ಬಂದ ವಸಂತದಲ್ಲಿ ದೇಶದ ಷೋರೂಮುಗಳಲ್ಲೆಲ್ಲ ಆಳೆತ್ತರದ ಚಿತ್ರ ನಿಂತಿತು: ಕೆಂಪು ಕಾರು, ಅದರ ಪಕ್ಕ ಮುಖ ಗಂಟಿಕ್ಕಿಕೊಂಡ ಕುಸುಮೊತೊ, ಕೆಳಗೆ ಆ ಮಾತು. ಆ ಗಂಟು ಛಾಯಾಗ್ರಾಹಕನ ದೀಪ ಕಣ್ಣಿಗೆ ಹೊಡೆದದ್ದರಿಂದ ಬಂದದ್ದು. ಜನ ಅದನ್ನು ತಪಸ್ಸು ಎಂದರು.

ಮೊದಲ ವರ್ಷ ಕಾರಿಗಾಗಿ ಜನ ಸಾಲುಗಟ್ಟಿದರು. ಬೀದಿಯಲ್ಲಿ ಕುಸುಮೊತೊನ ನಡಿಗೆಗೂ ಬೆಲೆ ಬಂತು. ಅವನ ಬೀದಿಯ ನಿವಾಸಿಗಳ ಸಂಘಕ್ಕೆ ನೆಗಿಶಿ ಎಂಬಾತ ಅಧ್ಯಕ್ಷ. ಕಸದ ಚೀಲ ಯಾವ ದಿನ ಇಡಬೇಕೆಂಬ ವಿಷಯದಲ್ಲಿ ಚಕ್ರವರ್ತಿಯನ್ನೂ ಬಿಡದ ಮನುಷ್ಯ. ಆತನೇ ಒಂದು ಬೆಳಿಗ್ಗೆ ಕುಸುಮೊತೊನ ಕಸದ ಚೀಲವನ್ನು ಕೈಯಿಂದ ಇಸಿದುಕೊಂಡ.

“ಬಿಡಿ ಕುಸುಮೊತೊ-ಸಾನ್, ನಿಮ್ಮ ಕೈ ಗೇರಿಗೆ ಮೀಸಲು. ಅಲ್ಲಾ, ದಿನಾ ಆಫೀಸಿಗೆ ಈ ಡಬ್ಬಿಯಂಥಾ ಆಟೊಮ್ಯಾಟಿಕ್ಕಿನಲ್ಲಿ ಹೋಗ್ತೀರಲ್ಲ, ಯಾಕೆ?”

“ಮೊಣಕಾಲು... ಎಡಗಡೇದು... ಸ್ವಲ್ಪ” ಎಂದು ಕುಸುಮೊತೊ ಗೊಣಗಿದ.

ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಸುದ್ದಿ ಹಬ್ಬಿತು: ಘಟ್ಟದಲ್ಲಿ ಕ್ಲಚ್ ಒತ್ತೀ ಒತ್ತೀ ಮನುಷ್ಯನ ಮೊಣಕಾಲೇ ಸವೆದುಹೋಗಿದೆ! ಎದುರು ಮನೆಯಾಕೆ ಮೊಣಕಾಲಿಗೆ ಅಂಟಿಸಲು ಮೂಲಿಕೆಯ ಪಟ್ಟಿ ತಂದುಕೊಟ್ಟಳು.

ಈ ಮೊಣಕಾಲಿಗೊಂದು ಹಿನ್ನೆಲೆಯಿತ್ತು. ಅವನ ಅತ್ತೆ ಶಿಗೆನೊ ಊರಾಚೆ ಈರುಳ್ಳಿ ದಂಟು ಬೆಳೆದು, ಕೋಳಿ ಸಾಕಿ, ಮೊಟ್ಟೆಗಳನ್ನು ತನ್ನ ಪುಟ್ಟ ಬಿಳಿಯ ಟ್ರಕ್ಕಿನಲ್ಲಿ ತುಂಬಿಕೊಂಡು ಪೇಟೆಗೆ ಬರುವವಳು. ಆ ಟ್ರಕ್ಕಿಗೂ ಕ್ಲಚ್ಚು. ಅದನ್ನು ಒಂದಿಷ್ಟು ಪಕ್ಕಕ್ಕೆ ನಿಲ್ಲಿಸಿ ಎಂದು ಅಳಿಯನಿಗೆ ಹೇಳಿದಾಗಲೆಲ್ಲ ಅಳಿಯನ ಎಡ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಒಣಗಾಳಿಗೂ ಹೆಂಗಸರ ಮಾತಿಗೂ ಹೆಸರಾದ ಗುನ್ಮಾದಲ್ಲಿ ಹುಟ್ಟಿ ಬೆಳೆದ ಶಿಗೆನೊ ಈ ವಿಷಯದಲ್ಲಿ ಮಾತ್ರ ಏನೂ ಅನ್ನುತ್ತಿರಲಿಲ್ಲ. ಅಳಿಯನ ಮೊಣಕಾಲನ್ನು ಒಮ್ಮೆ ನೋಡುವಳು, ಮುಖವನ್ನು ಒಮ್ಮೆ ನೋಡುವಳು, ತಾನೇ ಹೋಗಿ ಟ್ರಕ್ಕು ಸರಿಸುವಳು. ಅಷ್ಟೆ.

ಮೂರನೆಯ ವರ್ಷಕ್ಕೆ ತ್ಸುಬಾಮೆಯ ಸಾಲು ಕರಗಿತು. ಕಂಪನಿಯ ನೌಕರರು ರಜಾದಿನಗಳಲ್ಲಿ ಷೋರೂಮಿಗೆ ಹೋಗಿ ಗಿರಾಕಿಗಳಿಗೆ ನಮಸ್ಕರಿಸಬೇಕೆಂದು ಆಜ್ಞೆ ಬಂತು. ಕುಸುಮೊತೊ ಊರಿನ ಷೋರೂಮಿನಲ್ಲಿ ತನ್ನದೇ ಚಿತ್ರದ ಪಕ್ಕ ನಿಂತುಕೊಂಡ. ಒಡೆಯ ತೊಗಾಶಿ ಅವನ ಕಿವಿಯಲ್ಲಿ ಹೇಳಿದ: “ನೋಡ್ತಿರಿ. ಬರ್ತಾರೆ, ಕೂರ್ತಾರೆ, ಸ್ಟೀರಿಂಗ್ ಸವರ್ತಾರೆ. ಆಮೇಲೆ ಗೇರ್ ಕೋಲು ಕಾಣ್ಸುತ್ತೆ. ಎದ್ದು ಹೋಗ್ತಾರೆ.”

ಹಾಗೆಯೇ ಒಬ್ಬ ತರುಣಿ ಬಂದಳು. ದವಾಖಾನೆಯಲ್ಲಿ ದಾದಿಯಂತೆ, ಎರಡು ವರ್ಷದಿಂದ ಈ ಕಾರಿಗೆಂದೇ ಉಳಿಸಿದ್ದಳಂತೆ. ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚಿದಳು. ತೆರೆದಾಗ ಕೋಲು ಕಂಡಿತು. ಕೆಳಗಿಳಿದು, ಚಿತ್ರವನ್ನು ನೋಡಿ, ಪಕ್ಕದಲ್ಲಿ ನಿಂತ ಜೀವಂತ ಕುಸುಮೊತೊನನ್ನು ನೋಡಿ, ಕಿವಿಯ ತುದಿಯವರೆಗೆ ಕೆಂಪಾದಳು.

“ಕ್ಷಮಿಸಿ. ನಂದು... ಆಟೊಮ್ಯಾಟಿಕ್ ಲೈಸೆನ್ಸು. ನಿಮ್ಮಂಥವರ ಎದುರು ಹೇಳಕ್ಕೇ ನಾಚಿಕೆ ಆಗುತ್ತೆ.”

ಆ ಕ್ಷಣ ಕುಸುಮೊತೊ ಹೇಳಬೇಕಾದದ್ದು ‘ನಂದೂ ಅದೇ ಅಮ್ಮಾ’ ಎಂಬ ಮೂರೇ ಪದ. ಅವನು ಹೇಳಿದ್ದು, “ಮನಸ್ಸಿದ್ದರೆ ಕಲೀಬಹುದು.” ಹುಡುಗಿ ಬಾಗಿ ವಂದಿಸಿ ಹೊರಟುಹೋದಳು. ಆ ಸಂಜೆ ಕುಸುಮೊತೊ ಚಿತ್ರಕ್ಕೆ ಬೆನ್ನು ತಿರುಗಿಸಿ ನಿಂತ. ತೊಗಾಶಿ ಅದನ್ನು ಭಂಗಿಯೆಂದು ತಿಳಿದು ಫೋಟೊ ತೆಗೆದುಕೊಂಡ.

ಆರನೆಯ ವರ್ಷ ಕಂಪನಿ ತ್ಸುಬಾಮೆಗೆ ಮಂಗಳ ಹಾಡಿತು. ಅದೇ ಶರತ್ಕಾಲಕ್ಕೆ ಮುನೆತಾ ನಿವೃತ್ತರಾಗುವವರಿದ್ದರು. ಕಾರ್ಖಾನೆಯಿಂದ ಹೊರಬರುವ ಕೊನೆಯ ಕಾರು ಯಾರಿಗೆ? ದೇಶದ ಮೂಲೆ ಮೂಲೆಗಳಿಂದ ಬೇಡಿಕೆ ಬಂದಿತ್ತು. ಮುನೆತಾ ಎಲ್ಲವನ್ನೂ ಪಕ್ಕಕ್ಕೆ ಸರಿಸಿ ಕುಸುಮೊತೊನನ್ನು ಕರೆದರು.

“ಇದರ ಆತ್ಮ ಉಳಿಸಿದವರು ನೀವು. ಕೊನೇ ಗಾಡಿ ನಿಮ್ಮ ಮನೇಲೇ ಇರಬೇಕು. ತಗೋತೀರಲ್ವಾ?”

“ಅದು... ಸ್ವಲ್ಪ...” ಎಂದು ಕುಸುಮೊತೊ ತಲೆ ತಗ್ಗಿಸಿ, ಹಲ್ಲುಗಳ ಸಂದಿಯಿಂದ ಉಸಿರೆಳೆದುಕೊಂಡ.

ಜಪಾನಿನಲ್ಲಿ ಹಾಗೆ ಉಸಿರೆಳೆದುಕೊಂಡರೆ ‘ಖಂಡಿತ ಬೇಡ’ ಎಂದೇ ಅರ್ಥ; ಹಾಲು ಕುಡಿಯುವ ಕೂಸಿಗೂ ಅದು ಗೊತ್ತು. ಆದರೆ ಮುನೆತಾ ಜೀವಮಾನವನ್ನು ಎಂಜಿನ್ನುಗಳ ಜೊತೆ ಕಳೆದವರು. ಉಸಿರು ಒಳಗೆ ಹೋಯಿತೆಂದರೆ ಅವರ ಲೆಕ್ಕದಲ್ಲಿ ಯಂತ್ರ ಓಡಲು ಸಿದ್ಧವೆಂದರ್ಥ.

“ಗಂಟಲು ಕಟ್ಟಿತಾ? ನನಗೂ ಅಷ್ಟೇ” ಎಂದು ಅವರು ಅವನ ಎರಡೂ ಕೈ ಹಿಡಿದುಕೊಂಡರು.

ಕಾರು ನಿಲ್ಲಿಸಲು ಜಾಗವಿದೆಯೆಂದು ಪೊಲೀಸರು ಒಪ್ಪದೆ ಆ ದೇಶದಲ್ಲಿ ಕಾರು ಕೊಳ್ಳುವಂತಿಲ್ಲ. ಜಾಗ ಅಳೆಯಲು ಬಂದ ಪೇದೆ ಅಬುಕಾವಾ ಅಳತೆಪಟ್ಟಿಯನ್ನು ಮರೆತೇಬಿಟ್ಟ.

“ನೀವೇನಾ ಅವರು! ಒಂದು ಅನುಮಾನ ಇತ್ತು. ಘಟ್ಟ ಇಳಿಯುವಾಗ ಹೇರ್‌ಪಿನ್ ತಿರುವು ಬರುತ್ತಲ್ಲ, ಅಲ್ಲಿ ಎರಡನೇ ಗೇರಾ, ಮೂರನೇದಾ?”

ಬೇಲಿಯಾಚೆ ನೆಗಿಶಿ ಕಿವಿ ನಿಮಿರಿಸಿದ. ಕುಸುಮೊತೊ ಆಕಾಶ ನೋಡಿದ. “ಅದು ಆವತ್ತಿನ ಗಾಳಿ ಮೇಲಿದೆ.”

“ಗಾಳಿ!” ಎಂದ ಅಬುಕಾವಾ, ಟೋಪಿ ತೆಗೆದು.

“ಗಾಳಿ!” ಎಂದ ಬೇಲಿಯಾಚೆಯ ನೆಗಿಶಿ.

ಇದ್ದದ್ದು ಒಂದೇ ಕಾರಿನ ಜಾಗ. ಆದ್ದರಿಂದ ಆಟೊಮ್ಯಾಟಿಕ್ ಡಬ್ಬಿಯನ್ನು ಮಾರಿಬಿಟ್ಟದ್ದಾಯಿತು. ಅದರ ಹಿಂದೆಯೇ ಕುಸುಮೊತೊನ ಹೆಂಡತಿ ಮಿಸಾವೊ ಕೇಳಿದಳು: “ರೀ, ನಿಮ್ಮ ಮೊಣಕಾಲು? ಅದನ್ನೂ ಮಾರಿದ್ರಾ?”

ಉಳಿದದ್ದು ಒಂದೇ ದಾರಿ. ಕುಸುಮೊತೊ ಟೋಪಿ ಎಳೆದುಕೊಂಡು, ಮೂಗಿಗೆ ಬಿಳಿಯ ಮಾಸ್ಕ್ ಕಟ್ಟಿಕೊಂಡು, ರೈಲು ಹತ್ತಿ ಪಕ್ಕದ ಊರಿನ ತರಬೇತಿ ಶಾಲೆಗೆ ಹೋದ. ಕ್ಲಚ್ಚಿನ ಪಾಠ ಮುಗಿಸಿ, ಪರೀಕ್ಷೆ ಕೊಟ್ಟು, ಲೈಸೆನ್ಸಿನ ಕಟ್ಟು ಬಿಡಿಸಿಕೊಳ್ಳುವುದು ಅವನ ಉದ್ದೇಶ. ಮುಖ ಮುಚ್ಚಬಹುದು, ಹೆಸರು ಮುಚ್ಚಲಾಗದು. ಹೆಸರು ಕೇಳಿದ ಗುರುಗಳು ಕುರ್ಚಿಯಿಂದ ಜಿಗಿದೆದ್ದರು.

“ಮೇಷ್ಟ್ರೇ! ನೀವು ನಮ್ಮ ಶಾಲೆಗೆ! ವೇಷ ಮರೆಸಿಕೊಂಡು! ನಮ್ಮ ಮಕ್ಕಳು ಹೇಗೆ ಕಲೀತಾರೆ ಅಂತ ಗುಟ್ಟಾಗಿ ನೋಡೋಕೆ ಬಂದ್ರಾ?”

“ಇಲ್ಲ, ನಾನು ಕಲಿಯೋಕೆ...”

“ಕೇಳಿದ್ರೇನ್ರೋ ಹುಡುಗ್ರಾ! ಇವರು ಈಗ್ಲೂ ಕಲಿಯೋಕೆ ಅಂತಾರೆ! ದೊಡ್ಡೋರ ಮಾತು ನೋಡಿ!”

ತರಗತಿಯ ಗೋಡೆಯ ಮೇಲೆ ಚೌಕಟ್ಟು ಹಾಕಿದ ಅವನದೇ ಮಾತು ತೂಗುತ್ತಿತ್ತು. ಅದರ ಕೆಳಗೆ ಅವನನ್ನು ನಿಲ್ಲಿಸಿ, ಕ್ಲಚ್ಚಿನ ಗುಟ್ಟು ಹೇಳಿ ಎಂದರು. ಪರಾರಿಯಾಗಲು ಕಿಟಕಿ ಸಣ್ಣದು. ಕುಸುಮೊತೊ ಬೆವರೊರೆಸಿಕೊಂಡು ಹೇಳಿದ: “ಕ್ಲಚ್ಚನ್ನ... ಒತ್ತಬಾರದು. ಅದು ಹೇಳೋದನ್ನ ಕೇಳಬೇಕು.”

ಗುರುಗಳು ಕಣ್ಣೊರೆಸಿಕೊಂಡರು. ಆ ಮಧ್ಯಾಹ್ನವೆಲ್ಲ ಶಾಲೆಯ ಅಂಗಳದಲ್ಲಿ ವಿದ್ಯಾರ್ಥಿಗಳು ಕ್ಲಚ್ಚಿಗೆ ಕಿವಿಗೊಟ್ಟು ಕುಳಿತರು. ಒಂದು ಗಾಡಿಯೂ ಕದಲಲಿಲ್ಲ. ಕುಸುಮೊತೊ ಒಂದು ಪೊಟ್ಟಣ ಯಾಕಿಮಂಜು ಎಂಬ ಸುಟ್ಟ ಕಡುಬನ್ನು ಗೌರವ ಕಾಣಿಕೆಯಾಗಿ ಹೊತ್ತು, ಸ್ಟೀರಿಂಗ್ ಮುಟ್ಟದೆಯೇ ಮನೆಗೆ ಮರಳಿದ. ಇನ್ನೊಂದು ಶಾಲೆಗೆ ಹೋಗುವ ಧೈರ್ಯ ಅವನಲ್ಲಿ ಉಳಿದಿರಲಿಲ್ಲ. ಇದ್ದಿದ್ದರೂ ದಿನಗಳು ಉಳಿದಿರಲಿಲ್ಲ.

ಕಾರು ಹಸ್ತಾಂತರದ ದಿನ ಬಂದೇ ಬಂತು.

ತೊಗಾಶಿಯ ಷೋರೂಮು ಇದ್ದದ್ದು ಗದ್ದೆಗಳ ನಡುವೆ, ದಾರ ಹಿಡಿದು ಎಳೆದಂಥ ನೇರ ರಸ್ತೆಯ ಬದಿಗೆ. ದೂರದ ಕಾಲುವೆಯ ಸೇತುವೆಯವರೆಗೆ ಆ ರಸ್ತೆಗೆ ಒಂದು ತಿರುವಿಲ್ಲ, ಅದರ ಬದಿಗೆ ಒಂದು ಮರವಿಲ್ಲ. ಇದು ನೆನಪಿರಲಿ.

ಅಂಗಳದ ನಡುವೆ ಕೆಂಪು ತ್ಸುಬಾಮೆ ಹೊಳೆಯುತ್ತಿತ್ತು. ಒಂದು ಬದಿಗೆ ನೀಲಿ ಅಂಗಿಯ ಸಿಬ್ಬಂದಿ ಸಾಲಾಗಿ ನಿಂತಿದ್ದರು; ಇನ್ನೊಂದು ಬದಿಗೆ ನೆಗಿಶಿ ಮುಂದಾಳಾಗಿ ಇಡೀ ಬೀದಿ. ಅತ್ತೆ ಶಿಗೆನೊ ಮಾರಾಟದ ಮಧ್ಯೆ ಬಿಡುವು ಮಾಡಿಕೊಂಡು, ರಬ್ಬರ್ ಬೂಟಿನಲ್ಲೇ ಬಂದಿದ್ದಳು. ಪೇದೆ ಅಬುಕಾವಾ ಯಾರೂ ಹೇಳದೆಯೇ ರಸ್ತೆಗಿಳಿದು, ಅಂಗಳದ ಅಂಚಿನಾಚೆ ನಿಂತು, ತ್ಸುಬಾಮೆಗಾಗಿ ಬೇರೆ ವಾಹನಗಳನ್ನು ತಡೆದು ಹಿಡಿದಿದ್ದ. ಎಲ್ಲರಿಗಿಂತ ಮುಂದೆ ಮುನೆತಾ; ಕೋಟಿನ ಒಳಗೆ ಸೊಂಟಕ್ಕೆ ಬಿಗಿದ ಪಟ್ಟಿ ಹೊರಗಿನಿಂದಲೇ ಉಬ್ಬಿ ಕಾಣುತ್ತಿತ್ತು.

“ಬರಬೇಡಿ ಅಂದ್ರು ವೈದ್ಯರು” ಎಂದರು ಅವರು ನಗುತ್ತ. “ಈ ಗಾಡಿ ಹೊರಡೋದನ್ನ ನೋಡದೆ ನಾನು ನಿವೃತ್ತ ಆದಂಗಲ್ಲ ಕುಸುಮೊತೊ.”

ಹೂಗುಚ್ಛ ಕೈಗೆ ಬಂತು. ಬೀಗದ ಕೈ ಬಂತು. ಚಪ್ಪಾಳೆ ಬಂತು. ಕುಸುಮೊತೊ ಹೋಗಿ ಕುಳಿತ. ಎಂಜಿನ್ನನ್ನಾದರೂ ಕೂಗಿಸೋಣವೆಂದು ಗುಂಡಿ ಒತ್ತಿದ. ಕ್ಲಚ್ ಒತ್ತದೆ ಈ ಕಾರಿನ ಎಂಜಿನ್ ಏಳುವುದಿಲ್ಲವೆಂದು ಅವನಿಗೆ ಯಾರು ಹೇಳಬೇಕು?

ಅಷ್ಟರಲ್ಲಿ ತೊಗಾಶಿ ಕೂಗಿದ: “ಬಹಳ ಧನ್ಯವಾದಗಳು!” ಸಿಬ್ಬಂದಿಯ ಸಾಲು ಒಟ್ಟಿಗೆ ಸೊಂಟದಿಂದ ಬಾಗಿತು. ಮುನೆತಾರೂ ಬಾಗಿದರು.

ಅಲ್ಲಿನ ಪದ್ಧತಿಯೊಂದಿದೆ: ಗಿರಾಕಿಯ ಕಾರು ಕಣ್ಮರೆಯಾಗುವವರೆಗೆ ಬಾಗಿದ ತಲೆಯನ್ನು ಎತ್ತುವಂತಿಲ್ಲ.

ಕಾರು ಕದಲಲಿಲ್ಲ.

ಒಣಗಾಳಿ ಬೀಸಿತು. ಯಾರದೋ ಟೋಪಿ ಹಾರಿ ಗದ್ದೆಗೆ ಬಿತ್ತು. ಅದರ ಒಡೆಯ ಬಾಗಿಯೇ ಇದ್ದ. “ಧ್ಯಾನ ಮಾಡ್ತಿದಾರೆ” ಎಂದು ನೆಗಿಶಿ ಪಿಸುಗುಟ್ಟಿದ. “ಗಾಳಿ ನೋಡ್ತಿದಾರೆ” ಎಂದ ರಸ್ತೆಯಿಂದ ಅಬುಕಾವಾ. ಅವನ ಹಿಂದೆ ತಡೆದು ನಿಲ್ಲಿಸಿದ ಬಸ್ಸೊಂದು ನಿಟ್ಟುಸಿರು ಬಿಟ್ಟಿತು.

ಕುಸುಮೊತೊ ಗಾಜಿನಾಚೆ ನೋಡಿದ. ಮುನೆತಾರ ಬಿಳಿಯ ತಲೆ ಸಣ್ಣಗೆ ನಡುಗುತ್ತಿತ್ತು. ಒಂದು ಕೈ ಮೆಲ್ಲನೆ ಹಿಂದಕ್ಕೆ ಸರಿದು ಸೊಂಟವನ್ನು ಹಿಡಿದುಕೊಂಡಿತು. ತಲೆ ಮಾತ್ರ ಏಳಲಿಲ್ಲ, ಇನ್ನಷ್ಟು ತಗ್ಗಿತು.

ಗುಂಡಿ ಒತ್ತಿದರೆ ಎಂಜಿನ್ನಿಲ್ಲ. ಎಂಜಿನ್ನಿದ್ದರೆ ವಿದ್ಯೆಯಿಲ್ಲ. ವಿದ್ಯೆಯಿದ್ದರೂ ಅಂಚಿನಾಚೆ ಕಾನೂನು ಬಿಳಿಯ ಕೈಗವಸು ಹಾಕಿಕೊಂಡು ಸ್ವಾಗತಕ್ಕೆ ನಿಂತಿದೆ. ಕುಸುಮೊತೊ ಬಾಗಿಲು ತೆರೆದು ಕೆಳಗಿಳಿದ. ಮುನೆತಾರ ಎದುರು ಹೋಗಿ ಅವರಿಗಿಂತಲೂ ಕೆಳಕ್ಕೆ ಬಾಗಿದ. ಇದರಿಂದ ಪರಿಸ್ಥಿತಿ ಮತ್ತಷ್ಟು ಹದಗೆಟ್ಟಿತು: ಗಿರಾಕಿ ಬಾಗಿರುವಾಗ ಸಿಬ್ಬಂದಿ ತಲೆ ಎತ್ತುವುದು ಹೇಗೆ? ಸಿಬ್ಬಂದಿ ಬಾಗಿರುವಾಗ ಗಿರಾಕಿ ಎತ್ತುವುದು ಹೇಗೆ? ಇಡೀ ಅಂಗಳ ನೆಲ ನೋಡುತ್ತ ನಿಂತುಬಿಟ್ಟಿತು.

ಆ ನೆಲಕ್ಕೇ ಕುಸುಮೊತೊ ಹೇಳಿದ.

“ನನಗೆ ಈ ಗಾಡಿ ಓಡಿಸೋಕೆ ಬರಲ್ಲ. ನಂದು ಆಟೊಮ್ಯಾಟಿಕ್ ಲೈಸೆನ್ಸು. ಮೊದಲಿಂದಲೂ ಅಷ್ಟೇ. ಘಟ್ಟಾನೂ ಇಲ್ಲ, ಮೊಣಕಾಲಿಗೆ ಏನೂ ಆಗಿಲ್ಲ. ಆವತ್ತು ಸಭೇಲಿ ನಾನು ನಿದ್ದೆ ಮಾಡ್ತಿದ್ದೆ.”

ಬೀದಿಯವರ ಕಡೆಯಿಂದ ಉಸಿರೆಳೆದುಕೊಂಡ ಸದ್ದು ಬಂತು. “ಹಾಗಾದ್ರೆ ಗಾಳಿ?” ಎಂದ ಅಬುಕಾವಾ ಕಂಗಾಲಾಗಿ. ಎದುರು ಮನೆಯಾಕೆ ಮೂಲಿಕೆಯ ಪಟ್ಟಿಗಳನ್ನು ನೆನೆಸಿಕೊಂಡು ಬಾಯಿಗೆ ಕೈ ಅಡ್ಡ ಹಿಡಿದಳು.

ಬಾಗಿದ ಎರಡು ತಲೆಗಳ ನಡುವೆ ಒಂದು ಗೇಣು ಅಂತರವಿತ್ತು.

“ಆಟೊಮ್ಯಾಟಿಕ್ ಇದ್ದಿದ್ರೆ ಇದು ಇನ್ನೂ ಬದುಕಿರ್ತಿತ್ತಾ?” ಎಂದು ಮುನೆತಾ ಮೆಲ್ಲಗೆ ಕೇಳಿದರು.

ಕುಸುಮೊತೊಗೆ ಆ ದಾದಿಯ ಕೆಂಪು ಕಿವಿಗಳು ನೆನಪಾದವು. “ಬದುಕಿರ್ತಿತ್ತೇನೋ. ಒಬ್ಬಳಂತೂ ಖಂಡಿತ ಕೊಳ್ತಿದ್ದಳು.”

“ಮಾತು ಸರಿಯಾಗೇ ಇತ್ತು ಕುಸುಮೊತೊ. ನಾನು ಈಗ್ಲೂ ಅದೇ ಮಾತು ಆಡ್ತೀನಿ.” ಮುದುಕರು ಉಸಿರು ಬಿಗಿಹಿಡಿದರು. “ಆಡಿದ ಬಾಯಿ ಸರಿ ಇರಲಿಲ್ಲ, ಅಷ್ಟೆ. ಅದರ ಲೆಕ್ಕ ಆಮೇಲೆ ನೋಡೋಣ. ಮೊದಲು ಯಾರಾದ್ರೂ ಈ ಗಾಡಿನ ಕಣ್ಮರೆ ಮಾಡಿ. ನನ್ನ ಸೊಂಟ ಹೋಗ್ತಿದೆ.”

ಬೈದಿದ್ದರೆ ಕುಸುಮೊತೊ ಹೇಗೋ ತಡೆದುಕೊಳ್ಳುತ್ತಿದ್ದ. ಕಾಲಿನ ಕೆಳಗೆ ನೆಲ ಬಿರಿಯಲೆಂದು ಅವನು ಕಾದ. ನೆಲಕ್ಕೆ ತೊಗಾಶಿ ಹೋದ ತಿಂಗಳಷ್ಟೇ ಕಾಂಕ್ರೀಟು ಹಾಕಿಸಿದ್ದ.

ಅಷ್ಟರಲ್ಲಿ ರಬ್ಬರ್ ಬೂಟಿನ ಸದ್ದು ಕೇಳಿಸಿತು. ಶಿಗೆನೊ ತಲೆಯ ವಸ್ತ್ರ ಬಿಗಿದುಕೊಂಡು ನೇರ ಬಲಗಡೆಯ ಸೀಟಿಗೆ ಹೋಗಿ ಕುಳಿತಳು.

“ಹತ್ತಿ ಅಳಿಯಂದಿರೇ, ಆ ಕಡೆಯಿಂದ. ಹೂವು ಮರೀಬೇಡಿ.”

“ಅತ್ತೆ, ಇದು ಹಿಂದಿನ ಚಕ್ರ ದೂಡೋ ಗಾಡಿ, ಸ್ವಲ್ಪ...”

“ನನ್ನ ಟ್ರಕ್ಕೂ ಹಿಂದಿನ ಚಕ್ರದ್ದೇ. ಮುಂದಿನ ಚಕ್ರಕ್ಕೇನು ಕೋಳಿ ಕಟ್ಟಿದೀನಾ? ಹತ್ತಿ ಸುಮ್ಮನೆ.”

ಬೂಟು ಕ್ಲಚ್ಚನ್ನು ತುಳಿಯಿತು, ಎಂಜಿನ್ ಗುಡುಗಿತು. ಕೆಂಪು ತ್ಸುಬಾಮೆ ಬೆಣ್ಣೆಯ ಮೇಲೆ ಸರಿದಂತೆ ಅಂಗಳ ದಾಟಿತು. ಅಬುಕಾವಾ ದಿಕ್ಕು ತೋಚದೆ ಸೆಲ್ಯೂಟ್ ಹೊಡೆದ. ಕಾರು ನೇರ ರಸ್ತೆಗೆ ಬಿದ್ದು, ಮೊಟ್ಟೆಯ ಗಾಡಿಯ ವೇಗದಲ್ಲಿ ಸಾಗತೊಡಗಿತು.

ಪಕ್ಕದ ಕನ್ನಡಿಯಲ್ಲಿ ಕುಸುಮೊತೊ ನೋಡಿದ. ಬಾಗಿದ ನೀಲಿ ಸಾಲು ಹಾಗೆಯೇ ಇತ್ತು. ಅದರ ಮುಂದೆ ಒಂದು ಬಿಳಿಯ ತಲೆ. ಗದ್ದೆ ಮುಗಿಯಿತು, ಇನ್ನೊಂದು ಗದ್ದೆ ಬಂತು. ತಲೆಗಳು ಸಣ್ಣದಾದವೇ ಹೊರತು ಮರೆಯಾಗಲಿಲ್ಲ.

“ಅತ್ತೆ, ಸ್ವಲ್ಪ ಜೋರಾಗಿ! ಅವರು ಇನ್ನೂ ಬಾಗಿಕೊಂಡೇ ಇದಾರೆ.”

“ಮೊಟ್ಟೆ ಒಡೆಯುತ್ತೆ.”

“ಇದರಲ್ಲಿ ಮೊಟ್ಟೆ ಎಲ್ಲಿದೆ ಅತ್ತೆ!”

“ಅಭ್ಯಾಸ.” ಶಿಗೆನೊ ಸ್ಟೀರಿಂಗಿನ ಮೇಲಿಂದ ಕತ್ತು ಚಾಚಿ ಇಣುಕುತ್ತಿದ್ದಳು; ಎರಡೂ ಕೈ ಅದನ್ನು ಬಿಗಿಹಿಡಿದಿದ್ದವು. “ಎಷ್ಟು ಉದ್ದ ಮೂತಿ ಮಾಡಿಟ್ಟಿದೀರಿ! ಎಲ್ಲಿ ಮುಗಿಯುತ್ತೋ ಕಾಣಲ್ಲ. ಇನ್ನು ನಾನು ಕೈ ಬಿಡಲ್ಲ. ಗೇರ್ ನಿಮ್ಮ ಪಕ್ಕಾನೇ ಇದೆಯಲ್ಲ.”

“ನಾನಾ?”

“ಇನ್ಯಾರು, ಹೂಗುಚ್ಛಾನಾ? ನಾನು ಕ್ಲಚ್ ಒತ್ತಿದಾಗ ಮುಂದಕ್ಕೆ ತಳ್ಳಿ. ಮೂರನೇದು.”

“ಅತ್ತೆ... ನಿಮಗೆ ಯಾವಾಗಿಂದ ಗೊತ್ತಿತ್ತು?”

“ಮದುವೆಯಾದ ವರ್ಷದಿಂದ. ಬೇಸಾಯಗಾರರ ಮನೇಲಿ ಎಲ್ಲರಿಗೂ ಮೊಣಕಾಲು ನೋಯುತ್ತೆ, ಆದ್ರೆ ಟ್ರಕ್ಕು ನೋಡಿದ ತಕ್ಷಣ ಯಾರಿಗೂ ನೋಯಲ್ಲ. ಹೂಂ, ಒತ್ತಿದೆ. ಹಾಕು!”

ಕುಸುಮೊತೊ ಬಲಗೈಯನ್ನು ಕೋಲಿನ ಮೇಲಿಟ್ಟು ತಳ್ಳಿದ. ಅದು ಸಣ್ಣಗೆ ‘ಟಕ್’ ಎಂದು ತನ್ನ ಗೂಡಿಗೆ ತಾನೇ ಹೋಗಿ ಕುಳಿತಿತು. ಮರುಕ್ಷಣ ಹಿಂದಿನ ಚಕ್ರಗಳು ನೆಲವನ್ನು ಒದ್ದವು. ಬೆನ್ನಿಗೆ ಯಾರೋ ಅಂಗೈ ಇಟ್ಟು ದೂಡಿದಂತಾಯಿತು. ಗೇರ್ ಹಾಕದೆ ಓಡುವ ಗಾಡಿ ಗಾಡಿಯೇ ಅಲ್ಲ. ಎಂಥ ಸತ್ಯವಾದ ಮಾತನ್ನು ತಾನು ಯಾವ ಯೋಗ್ಯತೆಯೂ ಇಲ್ಲದೆ ಆಡಿಬಿಟ್ಟಿದ್ದೆ ಎಂಬುದು ಅವನಿಗೆ ಆಗ, ಅಲ್ಲಿ, ಅತ್ತೆಯ ಪಕ್ಕದಲ್ಲಿ, ಹೂವಿನ ಹಿಂದೆ ತಿಳಿಯಿತು.

ಸೇತುವೆಯ ಉಬ್ಬಿನ ನೆತ್ತಿ ದಾಟುವ ಹೊತ್ತಿಗೆ ಕನ್ನಡಿಯಲ್ಲಿ ನೀಲಿ ಸಾಲು ನೆಟ್ಟಗಾಗುವುದು ಕಂಡಿತು. ಬಿಳಿಯ ತಲೆ ಎದ್ದದ್ದು ಕೊನೆಗೆ, ಎರಡು ಬದಿಗೂ ಇಬ್ಬರು ಹಿಡಿದು ಎತ್ತಿದ ಮೇಲೆ. ಕುಸುಮೊತೊ ಕುಳಿತಲ್ಲೇ ಕನ್ನಡಿಗೆ ಬಾಗಿದ. ಸೇತುವೆ ಇಳಿದು, ಕನ್ನಡಿಯಲ್ಲಿ ಆಕಾಶವಲ್ಲದೆ ಮತ್ತೇನೂ ಉಳಿಯದಿದ್ದರೂ ಅವನು ತಲೆ ಎತ್ತಲಿಲ್ಲ.

“ಎತ್ತು ತಲೆ” ಎಂದಳು ಶಿಗೆನೊ. “ನಾಲ್ಕನೇದು ಹಾಕಬೇಕು.”